ಅಪ್‌ಡೇಟ್: ಅಮ್ಮಿಗಾಗಿ ಹೊತ್ತ ಹರಕೆ ತೀರಿತು

ಅಮ್ಮಿಯ ಆಪರೇಷನ್ ಚೆನ್ನಾಗಿ ಆದರೆ ಕುರಿ ಕೊಯ್ದು ಬಡವರಿಗೆ ಹಂಚುತ್ತೇನೆ ಅಂತ ಹರಕೆ ಹೊತ್ತಿದ್ದೆ. ಮನೆಗೂ ಸ್ವಲ್ಪ ಮಾಂಸ ಇಟ್ಟುಕೊಳ್ಳಬಹುದಾ ಅಂತ ಕೇಳಿದ್ದೆ, ಅಲ್ವಾ?

ನಾವು ಹನಫಿಗಳು, ಅಂದರೆ ಇಸ್ಲಾಮಿನ ಹನಫಿ ಪಂಥದ ನಿಯಮ ಪಾಲಿಸುವವರು. ನಮ್ಮ ಮಸೀದಿಯ ಹಜರತ್ (ಧರ್ಮಗುರು) ಬಿಡಿಸಿ ಹೇಳಿದರು. ಬಕ್ರೀದ್ ಕುರ್ಬಾನಿಯ ಮಾಂಸ ಮನೆಯವರೂ ತಿನ್ನಬಹುದು. ಹರಕೆಯದ್ದು ಮಾತ್ರ ಪೂರ್ತಿ ಬಡವರ ಪಾಲು. ಹರಕೆ ಹೊತ್ತವರು, ಅವರ ತಂದೆ-ತಾಯಿ, ಹೆಂಡತಿ-ಮಕ್ಕಳು, ಉಳ್ಳವರು ಯಾರೂ ತಿನ್ನುವ ಹಾಗಿಲ್ಲ. ಕಷ್ಟದಲ್ಲಿರುವ ಅಕ್ಕನಿಗೆ ಕೊಡಬಹುದಂತೆ. ಇದನ್ನು ಕೇಳಿ ನನಗೆ ತುಂಬಾ ಸಮಾಧಾನ ಆಯಿತು. ಹರಕೆ ತೀರಿಸುವವರನ್ನು ಹೊಗಳುವ ಕುರ್‌ಆನಿನ 76ನೇ ಅಧ್ಯಾಯದ ಸಾಲನ್ನೂ ತೋರಿಸಿದರು.

ಜುಮ್ಮಾ ನಮಾಜ್ ಆದ ಮೇಲೆ ಹಂಚಿದೆವು. ತಲೆ, ಕಾಲು, ಬೋಟಿ ಯಾವುದನ್ನೂ ಉಳಿಸಿಕೊಳ್ಳಲಿಲ್ಲ. ಅಕ್ಕನ ಪಾಲಿನ ಚೀಲವನ್ನು ಅಮ್ಮಿಯೇ ಎದ್ದು ಕೂತು ಕಟ್ಟಿದರು. ದುವಾ ಮಾಡಿದ ನಿಮಗೆಲ್ಲ ಅಲ್ಲಾಹ್ ಒಳ್ಳೆಯದು ಮಾಡಲಿ.