‘ಚೇಂಜ್ ಆರ್ಡರ್’: ಆದೇಶವೋ, ಕರಾರೋ?

ಕೊಪ್ಪಳದಿಂದ:

ಮನೆ ಕಟ್ಟುವ ಗುತ್ತಿಗೆಯ ಅಮೆರಿಕನ್ ನಮೂನೆಯೊಂದನ್ನು ಇಲ್ಲಿನ ಸಣ್ಣ ಗುತ್ತಿಗೆದಾರರಿಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆಯೇ ಅಚ್ಚಿಗೆ ಹೋಗಬೇಕಾಗಿದೆ. ಕೆಲಸದ ನಡುವೆ ಮಾಲೀಕರು ಗೋಡೆ ಸರಿಸಲು ಅಥವಾ ಕೋಣೆ ಸೇರಿಸಲು ಹೇಳಿದಾಗ, ಆ ಬದಲಾವಣೆಯನ್ನೂ ಅದಕ್ಕೆ ತಗಲುವ ಹಣ ಮತ್ತು ದಿನಗಳನ್ನೂ ನಮೂದಿಸುವ ‘ಚೇಂಜ್ ಆರ್ಡರ್’ ಎಂಬ ಪತ್ರಕ್ಕೆ ‘ಬದಲಾವಣೆ ಆದೇಶ’ ಎಂದು ಬರೆದಿದ್ದೇನೆ. ಇದು ಸರಿಯೇ?

ರಾಯಚೂರಿನಿಂದ:

ಸರಿಯಲ್ಲ. ‘ಮಾರ್ಪಾಟು ಒಪ್ಪಂದ’ ಎನ್ನಿ. ‘ಕರಾರು’ ಎಂದಂತೂ ಬರೆಯಬೇಡಿ. ಅದು ಅರಬ್ಬಿ ಪದ, ‘ತಕರಾರು’ ಹುಟ್ಟಿದ್ದೂ ಅದರಿಂದಲೇ. ಹಣ ಕೊಡಿಸಬೇಕಾದ ಪತ್ರಕ್ಕೆ ಜಗಳದ ಪದ ಬೇಡ.

ಬಳ್ಳಾರಿಯಿಂದ:

ಈ ವ್ಯುತ್ಪತ್ತಿ ತಪ್ಪು. ‘ಕರಾರ್’ ಎಂದರೆ ನೆಲೆ, ನಿಶ್ಚಯ. ‘ತಕ್ರಾರ್’ ಎಂದರೆ ಮತ್ತೆ ಮತ್ತೆ ಹೇಳುವುದು. ಅರಬ್ಬಿಯಲ್ಲಿ ಎರಡರ ಧಾತುಗಳೂ ಕಕಾರಗಳೂ ಬೇರೆ. ನಮ್ಮ ಲಿಪಿಯಲ್ಲಿ ಮಾತ್ರ ಅವು ಒಂದಾಗಿವೆ. ಪ್ರಶ್ನೆ ಕೇಳಿದವರ ‘ಬದಲಾವಣೆ’ಯೊಳಗಿನ ‘ಬದಲು’ ಕೂಡ ಅರಬ್ಬಿಯದೇ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ರಾಯಚೂರು, ಕೊಪ್ಪಳಗಳಲ್ಲಂತೂ ಅರಬ್ಬಿ-ಪಾರಸಿ ಮೂಲದ ಬಾಕಿ, ವಸೂಲಿ, ರಸೀದಿಗಳನ್ನು ಬಿಟ್ಟು ಹಣದ ವ್ಯವಹಾರವನ್ನು ಮಾತನಾಡಲು ಸಾಧ್ಯವಿಲ್ಲ. ‘ಮಾರ್ಪಾಟು ಒಪ್ಪಂದ’ದಲ್ಲಿ ದೋಷವಿಲ್ಲ, ಆದರೆ ಯಾವ ಮೇಸ್ತ್ರಿಯ ಬಾಯಲ್ಲೂ ಅದನ್ನು ಕೇಳಿಲ್ಲ.

ಇಲ್ಲಿ ಹಾನಿ ಮಾಡುವ ಪದ ‘ಆದೇಶ’. ಆದೇಶ ಮೇಲಿನಿಂದ ಬರುವಂಥದ್ದು, ಅದಕ್ಕೆ ಒಬ್ಬರ ಸಹಿ ಸಾಕು. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆಯ ಜಿ701 ಎಂಬ ಚೇಂಜ್ ಆರ್ಡರ್ ನಮೂನೆಗಾದರೋ ಮಾಲೀಕ, ಗುತ್ತಿಗೆದಾರ, ವಾಸ್ತುಶಿಲ್ಪಿ ಮೂವರೂ ಸಹಿ ಹಾಕುತ್ತಾರೆ. ಬೆಲೆ ಇತ್ಯರ್ಥವಾಗದಿದ್ದರೂ ಕೆಲಸ ಮುಂದುವರಿಸಿರೆಂದು ಹೇಳುವ ಪತ್ರ ಅಲ್ಲಿ ಬೇರೆಯೇ ಇದೆ, ಜಿ714. ‘ಆದೇಶ’ ಸಲ್ಲುವುದಾದರೆ ಅದಕ್ಕೆ ಸಲ್ಲುತ್ತದೆ. ‘ಬದಲಾವಣೆ ಆದೇಶ’ ಎಂಬ ಶೀರ್ಷಿಕೆಯನ್ನು ಓದಿದ ಗುತ್ತಿಗೆದಾರ, ಮಾಲೀಕರು ಹೇಳಿದರೆ ಸಾಕೆಂದು ತಿಳಿದು ದರ ನಿಗದಿಯಾಗುವ ಮೊದಲೇ ಕೆಲಸ ಮುಗಿಸುತ್ತಾನೆ. ಬಿಲ್ಲಿನ ಹೊತ್ತಿಗೆ, ಅದೆಲ್ಲ ಮೊದಲಿನ ಅಂದಾಜಿನಲ್ಲೇ ಸೇರಿತ್ತು ಎಂಬ ಉತ್ತರ ಬರುತ್ತದೆ. 1872ರ ಕರಾರು ಕಾಯಿದೆಯ 70ನೆಯ ಕಲಮಿನಡಿ, ಪುಕ್ಕಟೆಯಾಗಿ ಮಾಡದ ಕೆಲಸದ ಲಾಭ ಪಡೆದವರಿಂದ ಪರಿಹಾರ ಕೇಳಬಹುದು ನಿಜ. ಆದರೆ ಕೆಲಸವನ್ನೂ ಅದರ ಬೆಲೆಯನ್ನೂ ಕೋರ್ಟಿನಲ್ಲಿ ರುಜುವಾತು ಮಾಡುವ ಹೊರೆ ಅವನ ಮೇಲೆಯೇ ಬೀಳುತ್ತದೆ.

‘ಹೆಚ್ಚುವರಿ ಕೆಲಸ’ ಎಂದೂ ಬೇಡ, ಏಕೆಂದರೆ ಕೆಲಸ ಕಡಿಮೆಯಾದಾಗಲೂ ಇದೇ ಪತ್ರ ಬೇಕು. ‘ಬದಲಾವಣೆ ಕರಾರು’ ಎಂದು ಅಚ್ಚು ಹಾಕಿಸಿ, ಅದರ ಕೆಳಗೆ, ಎರಡೂ ಕಡೆಯವರ ಸಹಿಯಾಗುವವರೆಗೆ ಈ ಕೆಲಸವನ್ನು ಆರಂಭಿಸತಕ್ಕದ್ದಲ್ಲ ಎಂಬ ಸಾಲನ್ನು ಸೇರಿಸಿ.