ಸಹಾಯ ಬೇಕು: ಸುರಂಗ ರೈಲಿಗೆ ಪ್ರವಾಹ ನುಗ್ಗುವ ಚಲನಚಿತ್ರಗಳು
ನಗರವನ್ನು ಮುಳುಗಿಸಿದ ಪ್ರವಾಹವು ನೆಲದಡಿಯ ರೈಲು ಸುರಂಗಗಳಿಗೂ ಇಳಿಯುವುದನ್ನು ನಂಬುವಂತೆ ಚಿತ್ರಿಸಿರುವ ಚಲನಚಿತ್ರಗಳನ್ನು ಬಲ್ಲವರು ದಯವಿಟ್ಟು ಸೂಚಿಸಬೇಕೆಂದು ಕೋರುತ್ತೇನೆ. 2004ರ ‘ದಿ ಡೇ ಆಫ್ಟರ್ ಟುಮಾರೋ’ ಹಾಗೂ ಲಂಡನ್ ಮುಳುಗುವ 2007ರ ‘ಫ್ಲಡ್’ ಚಿತ್ರಗಳನ್ನು ನೋಡಿದ್ದೇನೆ. ಮೊದಲನೆಯದರಲ್ಲಿ ದೈತ್ಯ ಅಲೆಯೇ ನಾಯಕ, ಅಂಥದ್ದು ನನಗೆ ಬೇಡ. 2012ರ ಸ್ಯಾಂಡಿ ಚಂಡಮಾರುತದ ವೇಳೆ ನ್ಯೂಯಾರ್ಕ್‌ನಲ್ಲಿ ಆದಂತೆ, ನೀರು ಮೆಟ್ಟಿಲು ಮತ್ತು ಗಾಳಿಕಿಂಡಿಗಳ ಮೂಲಕ ಒಳಸೇರುತ್ತದೆ. 2021ರಲ್ಲಿ ಚೀನಾದ ಝೆಂಗ್‌ಝೌ ನಗರದಲ್ಲಂತೂ ಸುರಂಗದಲ್ಲಿ ನಿಂತ ಮೆಟ್ರೋ ಬೋಗಿಗಳೊಳಗೇ ನೀರೇರಿ 14 ಮಂದಿ ಮೃತಪಟ್ಟರು. ಪಂಪುಗಳು ಸೋಲುವುದು, ವಿದ್ಯುತ್ ಕಡಿತಗೊಳ್ಳುವುದು, ರೈಲು ನಿಲ್ಲಿಸಬೇಕೇ ಬೇಡವೇ ಎಂದು ನಿಯಂತ್ರಣ ಕೊಠಡಿ ತಡವರಿಸುವುದು (ನಿಜವಾದ ಭಯ ಅಲ್ಲಿಯೇ ಇದೆ ಎಂಬುದು ನನ್ನ ಅಭಿಪ್ರಾಯ) ಇವುಗಳಿಗೆ ಗಮನ ಕೊಟ್ಟ ಚಿತ್ರ ಯಾವ ಭಾಷೆಯದಾದರೂ ಆಗಬಹುದು, ಉಪಶೀರ್ಷಿಕೆ ಇದ್ದರೆ ಸಾಕು.