ರಾಕ್ಷಸಿಯೇ ನಾಯಕಿಯಾದರೆ ಭಯ ಉಳಿಯುವುದು ಹೇಗೆ?

ಕಾಡುಹಾದಿ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಜನಪದ ಕಥೆಯೊಂದರ ಎಳೆ ಹಿಡಿದು ಐತಿಹಾಸಿಕ ಫ್ಯಾಂಟಸಿ ಕಾದಂಬರಿಯೊಂದನ್ನು ಬರೆಯುತ್ತಿದ್ದೇನೆ. ಕಣಿವೆಯ ದಾರಿಯಲ್ಲಿ ಸಾಗುವ ವರ್ತಕರನ್ನು ರೂಪ ಬದಲಿಸಿ ಮರುಳುಗೊಳಿಸಿ ತಿನ್ನುವ ರಾಕ್ಷಸಿಯೇ ಅದರ ನಾಯಕಿ. ಓದುಗರು ಅವಳ ಪಕ್ಷ ವಹಿಸಲಿ ಎಂಬ ಆಸೆಯಿಂದ, ಅರಸನ ಸೈನಿಕರು ಅವಳ ಮಗುವನ್ನು ಕೊಂದರೆಂದೂ ಆ ಸಂಕಟವೇ ಅವಳನ್ನು ರಾಕ್ಷಸಿಯಾಗಿಸಿತೆಂದೂ ಹಿನ್ನೆಲೆ ಕಟ್ಟಿದೆ. ಅವಳು ಕುರಿ ಕಾಯುವ ಹುಡುಗನೊಬ್ಬನನ್ನು ತಿನ್ನುವ ಅಧ್ಯಾಯವನ್ನೂ ತೆಗೆದುಹಾಕಿದೆ. ಹಸ್ತಪ್ರತಿಯನ್ನು ಓದಿದ ಇಬ್ಬರು ಗೆಳೆಯರು ಈಗ ಒಂದೇ ಮಾತು ಹೇಳುತ್ತಿದ್ದಾರೆ: ಅರ್ಧ ದಾಟುವಷ್ಟರಲ್ಲಿ ಅವಳು ರಾಕ್ಷಸಿ ಎಂಬುದೇ ಮರೆತುಹೋಗುತ್ತದೆ. ಕನಿಕರ ಮತ್ತು ಭಯ ಎರಡನ್ನೂ ಕೊನೆಯವರೆಗೆ ಉಳಿಸಿಕೊಳ್ಳುವ ಬಗೆ ಯಾವುದು?

ಸಂಜೆಓದು:
ನಿಮ್ಮ ಗೆಳೆಯರು ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ಗ್ರೀಕ್ ಕವಿ ಹೆಸಿಯಡ್‌ನ ಕಾವ್ಯದಲ್ಲಿ ಮೆಡೂಸಾ ಹುಟ್ಟಿನಿಂದಲೇ ಗಾರ್ಗನ್, ಅಂದರೆ ಘೋರರೂಪದ ರಾಕ್ಷಸಿ. ಫೋರ್ಕಿಸ್ ಮತ್ತು ಕೀಟೋ ಎಂಬ ಸಮುದ್ರದೇವತೆಗಳ ಮಗಳು. ಶತಮಾನಗಳ ನಂತರ ರೋಮಿನ ಓವಿಡ್ ಅದನ್ನು ಬದಲಿಸಿದ: ಅವಳು ಮೊದಲು ಚೆಲುವೆಯಾಗಿದ್ದಳು, ದೇವಿಯ ಗುಡಿಯಲ್ಲಿ ಸಮುದ್ರದ ಒಡೆಯ ಅವಳ ಮೇಲೆ ಅತ್ಯಾಚಾರವೆಸಗಿದ, ಶಿಕ್ಷೆಯಾಗಿ ದೇವಿ ಅವಳ ಕೂದಲನ್ನೇ ಹಾವುಗಳಾಗಿಸಿದಳು. ಇಂದಿನ ಬರಹಗಾರರು ಬಹುಪಾಲು ಹಿಡಿಯುವುದು ಓವಿಡ್‌ನ ದಾರಿಯನ್ನೇ, ನೀವು ಹಿಡಿದಿರುವುದೂ ಅದನ್ನೇ. ಅನ್ಯಾಯವೇ ಅವಳ ರೂಪಕ್ಕೆ ಕಾರಣವೆಂದಾದರೆ ಕನಿಕರವೇನೋ ಸುಲಭವಾಗಿ ಸಿಗುತ್ತದೆ, ಆದರೆ ಆ ಕ್ಷಣದಿಂದ ಅವಳ ಹಲ್ಲು, ಉಗುರು, ಹಸಿವು ಎಲ್ಲವೂ ಗಾಯದ ಗುರುತುಗಳಾಗಿಬಿಡುತ್ತವೆ, ಅವಳವಾಗಿ ಉಳಿಯುವುದಿಲ್ಲ. ಅವಳು ರಾಕ್ಷಸಿಯಾಗಿಯೇ ಹುಟ್ಟಲಿ. ಹಸಿವಿಗೆ ಸಮಜಾಯಿಷಿ ಬೇಡ.

ಹಳಗನ್ನಡಪ್ರಿಯ:
ಸಂಜೆಓದು ಅವರ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಮಗುವನ್ನು ಕಳೆದುಕೊಂಡ ತಾಯಿ ಎಂಬ ಹಿನ್ನೆಲೆಯಲ್ಲಿ ತಪ್ಪಿಲ್ಲ, ಅದನ್ನು ಬಳಸಿದ ರೀತಿಯಲ್ಲಿ ತಪ್ಪಿದೆ. ಪ್ರಾಕೃತ ಕವಿ ವಿಮಲಸೂರಿಯಿಂದ ನಮ್ಮ ಕನ್ನಡ ಕವಿ ನಾಗಚಂದ್ರನವರೆಗೆ ಹರಿದುಬಂದ ಜೈನ ರಾಮಾಯಣ ಪರಂಪರೆಯಲ್ಲಿ ರಾಕ್ಷಸರು ವಿದ್ಯಾಧರರ, ಅಂದರೆ ಮಾಯಾವಿದ್ಯೆಗಳನ್ನು ಬಲ್ಲ ಮನುಷ್ಯರ, ಒಂದು ವಂಶದವರು. ರಾವಣನ ತಂಗಿಯ ಹೆಸರು ಚಂದ್ರನಖಿ. ಅವಳ ಮಗ ಶಂಬೂಕ ಸೂರ್ಯಹಾಸವೆಂಬ ಖಡ್ಗಕ್ಕಾಗಿ ಬಿದಿರ ಮೆಳೆಯೊಳಗೆ ತಪಸ್ಸಿಗೆ ಕುಳಿತಿದ್ದಾಗ, ಆ ಖಡ್ಗ ಕೈಗೆ ಸಿಕ್ಕ ಲಕ್ಷ್ಮಣ ಅದರ ಹರಿತ ನೋಡಲೆಂದು ಮೆಳೆಯನ್ನು ಕಡಿಯುತ್ತಾನೆ, ಒಳಗಿದ್ದವನ ತಲೆ ಉರುಳುತ್ತದೆ. ತಾಯಿ ಬಂದು ಗೋಳಾಡುತ್ತಾಳೆ, ಕೊಂದವನನ್ನು ಹುಡುಕಿಕೊಂಡು ಹೊರಡುತ್ತಾಳೆ, ಆ ಅಣ್ಣತಮ್ಮಂದಿರನ್ನು ಕಂಡೊಡನೆ ಅವರಿಗೇ ಮನಸೋಲುತ್ತಾಳೆ. ನಾನು ಮೊದಲು ಓದಿದಾಗ ಇದು ಕವಿಗಳ ಎಡವಟ್ಟು ಎಂದುಕೊಂಡಿದ್ದೆ. ಈಗ ಇಡೀ ಪ್ರಸಂಗದ ಜೀವ ಅಲ್ಲಿಯೇ ಇದೆ ಅನ್ನಿಸುತ್ತದೆ. ಅವಳ ಶೋಕ ನಿಜ, ಆದರೂ ಶೋಕ ಅವಳನ್ನು ಸಾಧ್ವಿಯಾಗಿಸಲಿಲ್ಲ. ನಿಮ್ಮ ನಾಯಕಿ ಮಗುವಿಗಾಗಿ ಅಳುತ್ತಿರುವಾಗಲೇ ಅವಳಿಗೆ ಹಸಿವಾಗಲಿ.

ಒಂದು ಎಚ್ಚರಿಕೆಯೂ ಇದೆ. ರಾಕ್ಷಸರನ್ನು ಮನುಷ್ಯರ ಹತ್ತಿರಕ್ಕೆ ತಂದಾಗ ಈ ಕವಿಗಳು ವಿವೇಕವನ್ನು ಗಳಿಸಿದರು, ಬೆಚ್ಚಿಬೀಳಿಸುವ ಗುಣವನ್ನು ಸ್ವಲ್ಪ ಬಿಟ್ಟುಕೊಟ್ಟರು. ಅವರ ಗುರಿಯೇ ಬೇರೆಯಾಗಿದ್ದುದರಿಂದ ಅವರಿಗೆ ಅದು ನಷ್ಟವಾಗಲಿಲ್ಲ, ನಿಮಗಾಗುತ್ತದೆ.

ಮೂರನೆಯ ಕರಡು:
ಚೀನಾದ ಬಿಳಿ ಹಾವಿನ ಕಥೆಯನ್ನು ಗಮನಿಸಿ. 1624ರಲ್ಲಿ ಫೆಂಗ್ ಮೆಂಗ್‌ಲಾಂಗ್ ಪ್ರಕಟಿಸಿದ ರೂಪದಲ್ಲಿ ಹೆಣ್ಣಿನ ವೇಷದ ಹಾವನ್ನು ಕಂಡು ಗಂಡನೇ ನಡುಗುತ್ತಾನೆ, ಸನ್ಯಾಸಿ ಕೊಟ್ಟ ಭಿಕ್ಷಾಪಾತ್ರೆಯನ್ನು ತಾನೇ ಅವಳ ತಲೆಯ ಮೇಲೆ ಒತ್ತುತ್ತಾನೆ, ಅವಳು ಹಾಂಗ್‌ಝೌ ನಗರದ ಲೈಫೆಂಗ್ ಪಗೋಡದ ಅಡಿಯಲ್ಲಿ ಸೆರೆಯಾಗುತ್ತಾಳೆ. ಆಮೇಲಿನ ರಂಗರೂಪಗಳಲ್ಲಿ ಅವಳು ಪ್ರೀತಿಯ ಹೆಂಡತಿಯಾಗುತ್ತಾ ಹೋದಳು. ಅಷ್ಟಾದರೂ ಮಠದಲ್ಲಿ ಸಿಕ್ಕಿಬಿದ್ದ ಗಂಡನನ್ನು ಬಿಡಿಸಲು ಪ್ರವಾಹವನ್ನೇ ಎಬ್ಬಿಸುವ ದೃಶ್ಯವನ್ನು ಯಾರೂ ಕೈಬಿಡಲಿಲ್ಲ. ಆ ನೀರು ತಪ್ಪು ಮಾಡಿದವರು, ಮಾಡದವರು ಎಂದು ನೋಡುವುದಿಲ್ಲ, ನೋಡುಗರು ಮಾತ್ರ ಅವಳ ಕಡೆಗೇ ಇರುತ್ತಾರೆ. 1924ರಲ್ಲಿ ಆ ಪಗೋಡ ನಿಜವಾಗಿಯೂ ಕುಸಿದುಬಿದ್ದಾಗ ಲೇಖಕ ಲು ಷುನ್ ಸಂತೋಷಪಟ್ಟು ಪ್ರಬಂಧವನ್ನೇ ಬರೆದರು.

ಇದರಲ್ಲಿ ಐತಿಹಾಸಿಕ ಕಾದಂಬರಿಕಾರರಿಗೂ ಒಂದು ಉಪಾಯವಿದೆ: ಅವಳ ಸೆರೆ ಯಾವುದೋ ಮಾಯಾಲೋಕದಲ್ಲಿಲ್ಲ, ಜನ ದಿನವೂ ಕಾಣುವ ಕಟ್ಟಡದ ಕೆಳಗಿದೆ. ನಿಮ್ಮ ಕಣಿವೆಗೂ ಸುಂಕದ ಕಟ್ಟೆ, ಕಾವಲುಗಾರರು, ಕಾಣೆಯಾದ ವರ್ತಕರ ಲೆಕ್ಕ ಬರೆಯುವ ಒಬ್ಬ ಕರಣಿಕ ಇರಲಿ. ಆ ಲೆಕ್ಕ ತಪ್ಪಿಲ್ಲದೆ ನಡೆಯುತ್ತಿದ್ದರೆ ಭಯವನ್ನು ನೀವು ಬೇರೆಯಾಗಿ ವರ್ಣಿಸಬೇಕಾಗಿಲ್ಲ.

ಕಾಡುಹಾದಿ:
ಮೂವರಿಗೂ ಧನ್ಯವಾದಗಳು. ಮಗುವಿನ ಸಾವು ಉಳಿಯುತ್ತದೆ, ಆದರೆ ಅದಕ್ಕೂ ಮೊದಲೇ ಅವಳು ರಾಕ್ಷಸಿಯಾಗಿರುತ್ತಾಳೆ. ಕುರಿ ಕಾಯುವ ಹುಡುಗನ ಅಧ್ಯಾಯವನ್ನು ಮರಳಿ ಸೇರಿಸುತ್ತಿದ್ದೇನೆ; ಅವನು ಕರಣಿಕನ ಮಗನಾಗಿರುತ್ತಾನೆ, ಆ ದಿನದ ಲೆಕ್ಕವನ್ನೂ ಕರಣಿಕನೇ ಬರೆಯುತ್ತಾನೆ.